ನೀರು ಬಿಡದ ಯಂತ್ರ

ನನಗೆ ಗೊತ್ತಿದ್ದದ್ದು ಬಾವಿಯ ಮೋಟಾರು ಬಿಚ್ಚಿ ಕಟ್ಟುವ ಕೆಲಸವೊಂದೇ. ಅರವತ್ತರ ದಶಕದ ನಡುವಿನ ವರ್ಷಗಳು ಅವು. ಹೊಲಗಳಿಗೆ ಕರೆಂಟು ಬರತೊಡಗಿತ್ತು. ನಾನು ನಮ್ಮೂರು ಮಾರ್ಕಯನ್‌ಕೋಟ್ಟೈ ಬಿಟ್ಟು ದಿಂಡಿಗಲ್ಲಿನ ಒಂದು ರಿಪೇರಿ ಅಂಗಡಿ ಸೇರಿದ್ದೆ. ಮನೆಯಲ್ಲಿ ನಾವು ಆಡುತ್ತಿದ್ದದ್ದು ಕನ್ನಡ. ಅಂಗಡಿಗೆ ಬಂದ ಮೇಲೆ ದಿನವೆಲ್ಲ ತಮಿಳು.

ಒಂದು ಬೆಳಗ್ಗೆ ನೂಲಿನ ಗಿರಣಿ ಮಾಲೀಕರ ಮನೆಯಿಂದ ಕರೆ ಬಂತು. ಪಾತ್ರೆ ತೊಳೆಯುವ ಯಂತ್ರ ನೀರು ಹೊರಗೆ ಬಿಡುತ್ತಿಲ್ಲವಂತೆ. ಅಂಥದ್ದೊಂದು ಯಂತ್ರ ಇದೆಯೆಂದು ನಾನು ಕೇಳಿಯೂ ಇರಲಿಲ್ಲ. ನಮ್ಮ ಅಂಗಡಿಯ ಯಜಮಾನರೂ ಕೇಳಿರಲಿಲ್ಲ. ಏನೇ ಆದರೂ ಅದರೊಳಗೆ ಒಂದು ಮೋಟಾರು ಇದ್ದೇ ಇರುತ್ತದೆ, ಹೋಗಿ ನೋಡು ಎಂದು ಕಳಿಸಿದರು.

ಗಿರಣಿಗೆ ಯಂತ್ರ ಕೊಳ್ಳಲು ವಿಲಾಯಿತಿಗೆ ಹೋಗಿದ್ದ ಮಾಲೀಕರು ಹೆಂಡತಿಗೆಂದು ಅದನ್ನು ಹಡಗಿನಲ್ಲಿ ತರಿಸಿದ್ದರು. ಅಡುಗೆಮನೆಯ ಮೂಲೆಯಲ್ಲಿ ಬಿಳಿಯ ಬೀರುವಿನ ಹಾಗೆ ನಿಂತಿತ್ತು. ಬಾಗಿಲು ತೆರೆದರೆ ತಳದಲ್ಲಿ ಮೂರು ದಿನದ ನೀರು, ಹಳಸಿದ ಸಾಂಬಾರಿನ ವಾಸನೆ. ಮನೆಯಮ್ಮನ ಕೈಯಲ್ಲಿ ಯಂತ್ರದ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕವಿತ್ತು. ತಳದ ಜಾಲರಿಯನ್ನು ತಾನೇ ಎರಡು ಸಲ ತೆಗೆದು ತೊಳೆದಿದ್ದೇನೆ, ಆದರೂ ನೀರು ಕದಲುತ್ತಿಲ್ಲ ಎಂದರು. ಕೆಲಸದವಳ ಮೇಲೆ ಹಾಕಿ ಸುಮ್ಮನಿರುವ ಹೆಂಗಸಲ್ಲ ಎಂದು ಆಗಲೇ ಅನ್ನಿಸಿತು.

ಚೊಂಬಿನಿಂದ ನೀರನ್ನೆಲ್ಲ ಮೊಗೆದು ಹಾಕಿದೆ. ಹಿಂದಿನ ರಬ್ಬರು ಕೊಳವೆ ಬಿಚ್ಚಿ ಬಾಯಿಟ್ಟು ಊದಿದೆ. ಗಾಳಿ ಸಲೀಸಾಗಿ ಹೋಯಿತು. ಕೊಳವೆ ಎಲ್ಲೂ ಮಡಚಿರಲಿಲ್ಲ, ಕಟ್ಟಿಯೂ ಇರಲಿಲ್ಲ. ಮತ್ತೆ ಜೋಡಿಸಿ, ಸ್ವಲ್ಪ ನೀರು ಹಾಕಿ ಸ್ವಿಚ್ಚು ಒತ್ತಿಸಿದೆ. ಮೋಟಾರು ಗುಂಯ್ ಎಂದಿತೇ ಹೊರತು ನೀರು ಅಲ್ಲಾಡಲಿಲ್ಲ. ಆ ಸದ್ದು ನನಗೆ ಚೆನ್ನಾಗಿ ಗೊತ್ತು. ಕರೆಂಟು ಬರುತ್ತಿದೆ, ಆದರೆ ತಿರುಗಲು ಏನೋ ಬಿಡುತ್ತಿಲ್ಲ ಎಂದರ್ಥ. ಹಾಗೇ ಬಿಟ್ಟರೆ ಸುಟ್ಟುಹೋಗುತ್ತದೆ. ಕೂಡಲೇ ವೈರು ಕಿತ್ತೆ.

ಯಂತ್ರವನ್ನು ಗೋಣಿಚೀಲದ ಮೇಲೆ ಮಲಗಿಸಲು ಅಡುಗೆಯಾಕೆ ಕೈ ಕೊಟ್ಟರು. ಐವತ್ತರ ಹತ್ತಿರದ ಹೆಂಗಸು. ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದರು. ತಳದ ಸ್ಕ್ರೂ ಒಂದು ಹಟ ಹಿಡಿದಾಗ ನಾನು ಅಭ್ಯಾಸಬಲದಿಂದ, "ಬಾರವ್ವ, ಬಂದ್ಬುಡು" ಎಂದು ಗೊಣಗಿದೆ.

ಆಕೆ ತಲೆಯೆತ್ತಿ ನೋಡಿದರು. "ತಂಬಿ, ನೀನು ನಮ್ಮೋನಾ? ಯಾವೂರು?"

ಹೇಳಿದೆ. ಅವರು ಪೆರಿಯಕುಳಂ ಕಡೆಯವರು. ಈ ಊರಿಗೆ ಬಂದ ಮೇಲೆ ಮನೆಮಾತು ಆಡಲು ಯಾರೂ ಸಿಕ್ಕಿರಲಿಲ್ಲವಂತೆ. ಅಷ್ಟರಲ್ಲಿ ಫೋನು ಬಂತೆಂದು ಮನೆಯಮ್ಮ ಒಳಗೆ ಹೋದರು.

ಪಂಪಿನ ಮುಚ್ಚಳ ತೆಗೆದೆ. ಒಳಗಿನ ಪುಟ್ಟ ಚಕ್ರಕ್ಕೂ ಗೋಡೆಗೂ ನಡುವೆ ಹುಣಸೆಬೀಜದಷ್ಟು ಗಾಜಿನ ಚೂರು ಸಿಕ್ಕಿಕೊಂಡಿತ್ತು. ಅದನ್ನು ಕಿತ್ತು ಅಂಗೈಯಲ್ಲಿಟ್ಟುಕೊಂಡದ್ದನ್ನು ಅಡುಗೆಯಾಕೆ ನೋಡಿದರು. ಅವರ ಮುಖ ಬಾಡಿತು.

"ಕಣ್ಣಾಡಿ ಲೋಟ ಇದ್ರೊಳಗೆ ಇಡಕ್ ಹೋಗಿ ನಾನೇ ಒಡದೆ ತಂಬಿ. ಚೂರು ಆಯಕ್ಕೆ ಜಾಲ್ರಿ ಎತ್ತಿದೆ, ಅವಾಗ ಒಳಕ್ಕೆ ಬಿದ್ದಿರ್ಬೇಕು. ಅಮ್ಮಾಗೆ ಹೇಳ್ಬ್ಯಾಡ."

ಮನೆಯಮ್ಮ ಬಂದು ಏನಿತ್ತೆಂದು ಕೇಳಿದರು. ಕಸ ಅಮ್ಮಾ ಎಂದೆ. ಹಾಗೆಂದ ಮೇಲೆ ಅಂಗೈಯ ಚೂರನ್ನು ಮತ್ತೊಮ್ಮೆ ನೋಡಿದೆ. ಲೋಟ ಒಡೆದು ಎಷ್ಟು ಚೂರಾಗಿತ್ತೋ, ಅದರಲ್ಲಿ ಎಷ್ಟು ಒಳಗಿತ್ತೋ ಯಾರಿಗೆ ಗೊತ್ತು? ನೀರು ಚಿಮ್ಮಿಸಿ ತಟ್ಟೆ ತೊಳೆಯುವ ಯಂತ್ರ ಅದು. ಆ ಮನೆಯಲ್ಲಿ ಎರಡು ಮಕ್ಕಳಿದ್ದವು.

ಮುಚ್ಚಳ ಹಾಕಲು ಕೈ ಬರಲಿಲ್ಲ. ತಲೆ ಬಗ್ಗಿಸಿಕೊಂಡೇ ನಮ್ಮ ಮಾತಿನಲ್ಲಿ ಮೆಲ್ಲಗೆ ಹೇಳಿದೆ: "ಅಕ್ಕಾ, ಸಣ್ಣ ಚೂರು ತಟ್ಟೇಲಿ ಕುಂತಿದ್ರೆ ಏನ್ ಮಾಡದು? ಮಕ್ಳು ಉಣ್ಣೋ ತಟ್ಟೆ."

ಆಕೆ ಸೆರಗಿಗೆ ಕೈ ಒರೆಸಿಕೊಂಡು ಮನೆಯಮ್ಮನ ಎದುರು ಹೋಗಿ ನಿಂತು, ತಮಿಳಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟರು. ಹೆಬ್ಬೆರಳು ಕೊಯ್ದದ್ದು ಅವತ್ತು ತಾನು ಹೇಳಿದ ಹಾಗೆ ಈಳಿಗೆಮಣೆಯಲ್ಲ, ಆ ಗಾಜು ಎನ್ನುವುದನ್ನೂ ಮುಚ್ಚಿಡಲಿಲ್ಲ. ನಾನು ಅಂಗೈ ಬಿಚ್ಚಿ ಚೂರನ್ನು ತೋರಿಸಿದೆ.

ಮನೆಯಮ್ಮ ಬೈಯಲಿಲ್ಲ. ಅವತ್ತೇ ಏಕೆ ಹೇಳಲಿಲ್ಲ ಎಂದು ಒಂದು ಸಲ ಕೇಳಿದರು, ಅಷ್ಟೇ. ಆಮೇಲೆ ಆ ಬೆರಳಿನ ಬಟ್ಟೆ ಬಿಚ್ಚಿಸಿ ಗಾಯ ನೋಡಿ, ಒಳಗಿನಿಂದ ಟಿಂಚರು ತಂದು ಹಚ್ಚಿದರು. ಯಂತ್ರಕ್ಕೆ ಹಾಕಿದ್ದ ಪಾತ್ರೆಯನ್ನೆಲ್ಲ ಹಿತ್ತಿಲಿಗೆ ತರಿಸಿ, ಸೀರೆ ಎತ್ತಿ ಕಟ್ಟಿ ತಾವೇ ತೊಳೆಯುವ ಕಲ್ಲಿನ ಮುಂದೆ ಕೂತರು. ಅಡುಗೆಯಾಕೆಗೆ ನೀರು ಮುಟ್ಟಲು ಬಿಡಲಿಲ್ಲ. ಆಕೆ ಒಂದೊಂದೇ ತಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡಿ, ಒರೆಸಿ ಇಡುತ್ತಿದ್ದರು.

ನಾನು ಒಳಗೆ ಯಂತ್ರದ ತಳವನ್ನು ಒದ್ದೆ ಬಟ್ಟೆಯಿಂದ ಬಳಿದೆ. ಇನ್ನೂ ಎರಡು ಚೂರು ಸಿಕ್ಕವು, ಅಕ್ಕಿನುಚ್ಚಿನಷ್ಟು. ಎಲ್ಲ ಜೋಡಿಸಿ, ನೀರು ಹಾಕಿ ನಡೆಸಿದಾಗ ಹಿಂದಿನ ಕೊಳವೆಯಿಂದ ನೀರು ಭರ್ರೆಂದು ಮೋರಿಗೆ ಸುರಿಯಿತು. ಅದನ್ನು ನೋಡಲು ಇಬ್ಬರೂ ಕೈಯಲ್ಲಿದ್ದದ್ದನ್ನು ಬಿಟ್ಟು ಎದ್ದು ಬಂದರು.

ಮಧ್ಯಾಹ್ನ ಅಲ್ಲೇ ಊಟ ಹಾಕಿದರು. ಬಡಿಸುವಾಗ ಅಡುಗೆಯಾಕೆ ನನ್ನ ಮುಖ ನೋಡಲಿಲ್ಲ. ಕೋಪವೇನೋ ಅಂದುಕೊಂಡೆ. ಕೈ ತೊಳೆಯಲು ಹೋದಾಗ ಚೊಂಬು ಕೊಡುತ್ತಾ, "ಮೂರ್ ದಿನದಿಂದ ನಿದ್ದೆ ಇಲ್ಲ ತಂಬಿ. ಈವತ್ತು ಬತ್ತದೆ" ಎಂದರು.

ಆಮೇಲೆ ಎಷ್ಟೋ ವರ್ಷ ಆ ಮನೆಯ ಮೋಟಾರು, ಪಂಪು ಎಲ್ಲಕ್ಕೂ ನನ್ನನ್ನೇ ಕರೆಯುತ್ತಿದ್ದರು. ಕೆಲಸ ಮುಗಿಸಿ ಎದ್ದಾಗಲೆಲ್ಲ, ಒಳಗಿಂದ ಏನು ತೆಗೆದೆ ತೋರಿಸು ಎಂದು ಮನೆಯಮ್ಮ ಕೈ ಚಾಚುತ್ತಿದ್ದರು. ನಾನು ಎಲ್ಲವನ್ನೂ ಒಂದು ಕಾಗದದ ಮೇಲೆ ಹರಡಿ ತೋರಿಸುತ್ತಿದ್ದೆ.