ಅರಿಶಿನ ಹಚ್ಚಿದ ಮುಖ

ರಾಜಾಜಿನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಿದ್ದ ಐವತ್ತರ ದಶಕ. ಕಾರ್ಖಾನೆಯೊಂದರಲ್ಲಿ ಲೇತ್ ಓಡಿಸುತ್ತಿದ್ದ ಸೇತುರಾಮನ ಹೆಂಡತಿ ಪಂಕಜಾಳಿಗೆ ಫೋಟೋದ ಹುಚ್ಚು. ಅದು ತವರಿನಿಂದ ಬಂದದ್ದು. ತಂದೆಯ ಮರದ ಕ್ಯಾಮೆರಾ ಗೆದ್ದಲಿಗೆ ಹೋಗಿ, ಉಳಿದದ್ದು ಅಂಗೈ ತುಂಬುವ ಹಿತ್ತಾಳೆಯ ಲೆನ್ಸ್ ಒಂದೇ. ಗಂಡನ ಕೈಲಿ ಲೇತಿನಲ್ಲಿ ಅದು ಕೂರುವಂಥ ಲೋಹದ ಬಳೆಯೊಂದನ್ನು ಕಡೆಸಿ, ತನ್ನ ಕ್ಯಾಮೆರಾಕ್ಕೆ ಕೂರಿಸಿಯೇ ಬಿಟ್ಟಳು. ಷಟರ್ ಇಲ್ಲದ ಲೆನ್ಸು. ಮುಚ್ಚಳ ತೆಗೆದು ಹಾಕುವ ಕೈಯೇ ಷಟರು. ಆದರೆ ಅದರಲ್ಲಿ ಕಣ್ಣುಗಳು ಚೂಪಾಗಿ ಮೂಡುತ್ತಿದ್ದವು, ಹಿಂದಿನ ಗೋಡೆ ಹೊಗೆಯಂತೆ ಕರಗುತ್ತಿತ್ತು.

ಒಂದು ಬೆಳಿಗ್ಗೆ, ಕುರುಬರಹಳ್ಳಿಯಿಂದ ಹಾಲು ತರುವ ಮುನಿಲಕ್ಷ್ಮಮ್ಮ ಉರಿಯುತ್ತಲೇ ಬಂದಳು. ಹೊಸ ಮನೆಯ ಗೋಡೆಗೆಂದು ಗಂಡ ಕೆಂಪಯ್ಯನ ಜೊತೆ ಪೇಟೆಯ ಸ್ಟುಡಿಯೋದಲ್ಲಿ ಫೋಟೋ ತೆಗೆಸಿಕೊಂಡಿದ್ದಳು. ಅವನೇನೋ ಸರಿಯಾಗಿದ್ದ, ಇವಳ ಮುಖ ಮಾತ್ರ ಮಸಿ ಹಿಡಿದ ಮಡಕೆ. ಕೇಳಿದರೆ ಸ್ಟುಡಿಯೋದವನು ಅರಿಶಿನ ತೊಳೆದು ಬನ್ನಿ ಅಂದನಂತೆ.

"ಗಂಡ ಪಕ್ಕದಾಗೇ ನಿಂತವ್ನೆ, ಮೊಕದ ಅರಿಶಿನ ತೊಳ್ಕೊ ಅಂತಾನಲ್ಲವ್ವ! ನಿನ್ ಫೋಟೋನೂ ಬ್ಯಾಡ, ನೀನೂ ಬ್ಯಾಡ ಅಂತ ಎದ್ದು ಬಂದೆ."

"ಒಂಚೂರೂ ತೊಳೀಬೇಡಿ ಅಮ್ಮ," ಎಂದಳು ಪಂಕಜಾ. "ತಪ್ಪು ನಿಮ್ಮ ಮುಖದ್ದಲ್ಲ, ಫಿಲಮ್ಮಿಂದು. ನಾನು ತೆಗೀತೀನಿ, ನೋಡ್ತಿರಿ."

ಸ್ಟುಡಿಯೋದ ಆ ಫಿಲಮ್ಮಿಗೆ ಹಳದಿ ಸರಿಯಾಗಿ ಕಾಣದು, ಕೆಂಪಂತೂ ಕಾಣುವುದೇ ಇಲ್ಲ, ಕಾಣದ ಬಣ್ಣ ಅಚ್ಚಿನಲ್ಲಿ ಕಪ್ಪಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಎಲ್ಲ ಬಣ್ಣವನ್ನೂ ಹಿಡಿಯುವ ಇನ್ನೊಂದು ಜಾತಿಯ ಫಿಲಂ ತರಿಸಿದಳು. ಅರಿಶಿನ ಇನ್ನೂ ತಿಳಿಯಾಗಿ ಬರಲೆಂದು ಲೆನ್ಸಿನ ಮುಂದೆ ಹಳದಿ ಗಾಜಿನ ತುಂಡೊಂದನ್ನು ಸಿಕ್ಕಿಸಿ, ಹಿತ್ತಲ ನೆರಳಿನಲ್ಲಿ ಮುನಿಲಕ್ಷ್ಮಮ್ಮನನ್ನು ಕೂರಿಸಿ, "ಉಸಿರು ಹಿಡೀರಿ" ಎಂದು ಮುಚ್ಚಳ ತೆಗೆದಳು.

ಕಿಟಕಿಗೆ ಕಂಬಳಿ ಹೊದಿಸಿದ ಬಚ್ಚಲಿನಲ್ಲಿ ಫಿಲಂ ತೊಳೆಯುವಾಗ, ಹಳೆಯ ಫಿಲಮ್ಮಿನ ಅಭ್ಯಾಸಬಲದಿಂದ ಕೆಂಪು ದೀಪ ಹಾಕಿಬಿಟ್ಟಳು. ಕೆಂಪನ್ನೂ ಹಿಡಿಯುವ ಫಿಲಂ ಅದು, ಪೂರ್ತಿ ಕಪ್ಪಾಯಿತು. ತನ್ನನ್ನು ತಾನೇ ಬೈದುಕೊಂಡು, ಮರುದಿನ ಮತ್ತೊಮ್ಮೆ ತೆಗೆದಳು. ಈ ಸಲ ದೀಪವಿಲ್ಲದ ಗವ್ವೆನ್ನುವ ಕತ್ತಲೆಯಲ್ಲಿ, ಒಂದು ಹಸೆಹಾಡನ್ನು ಮೊದಲಿಂದ ಕೊನೆಯವರೆಗೆ ಹಾಡಿ, ಗಡಿಯಾರದ ಬದಲು ಅದೇ ಲೆಕ್ಕದಲ್ಲಿ ಫಿಲಂ ದ್ರಾವಣದಿಂದ ಎತ್ತಿದಳು.

ಅಚ್ಚಿನಲ್ಲಿ ಮುನಿಲಕ್ಷ್ಮಮ್ಮನ ಮುಖ ಬೆಳಗುತ್ತಿತ್ತು. ಅವಳು ಅದನ್ನು ದೂರ ಹಿಡಿದಳು, ಹತ್ತಿರ ಹಿಡಿದಳು.

"ಮೊಕ ಚೆಂದಾಗೈತೆ. ಕುಂಕುಮ ಯಾಕವ್ವ ಹಿಂಗೆ ತೆಳ್ಳಗಾಗೋಯ್ತು?"

ನಿಜವೇ. ಹೊಸ ಫಿಲಂ ಕೆಂಪನ್ನೂ ಬಿಳಿಚಿಸಿತ್ತು. ಪಂಕಜಾ ಒಂದು ಗಳಿಗೆ ಯೋಚಿಸಿ, ಒಳಗಿಂದ ಕಾಡಿಗೆಯ ಭರಣಿ ತಂದಳು.

"ಕುಂಕುಮಕ್ಕೆ ಇದನ್ನ ಸ್ವಲ್ಪ ಕಲಸಿ ಇಟ್ಕೊಳ್ಳಿ. ಈಗ ಯಜಮಾನರನ್ನೂ ಕರ್ಕೊಂಡು ಬನ್ನಿ, ಜೋಡೀಲೇ ತೆಗೆಯೋಣ."

ಆ ಜೋಡಿ ಫೋಟೋ ಕುರುಬರಹಳ್ಳಿಯ ಹೊಸ ಮನೆಯ ನಡುಗೋಡೆಗೇರಿತು: ಮೀಸೆ ಹುರಿಗೊಳಿಸಿದ ಕೆಂಪಯ್ಯ, ಪಕ್ಕದಲ್ಲಿ ಅವನಿಗಿಂತ ಗತ್ತಾಗಿ ಕೂತ ಅವನ ಹೆಂಡತಿ. ನೋಡಿದ ಹೆಂಗಸರೆಲ್ಲ ಎಲ್ಲಿ ತೆಗೆಸಿದ್ದೆಂದು ಕೇಳತೊಡಗಿದರು. ಗಂಡಸರ ಮುಂದೆ ಕೂರಲು ಸಂಕೋಚಪಡುತ್ತಿದ್ದವರಿಗೆ ಪಂಕಜಾಳ ಹಿತ್ತಲು ಅನುಕೂಲವಾಯಿತು. ಸೇತುರಾಮ ಬಿಸಿಲು ಸೋಸಲೆಂದು ಬಿಳಿ ಬಟ್ಟೆಯ ಚಪ್ಪರ ಕಟ್ಟಿಕೊಟ್ಟ. ಶ್ರಾವಣದ ಹೊತ್ತಿಗೆ ಶುಕ್ರವಾರ ಬಂತೆಂದರೆ ಅಲ್ಲಿ ಹೊಸ ಸೀರೆಗಳ ಸರಭರ, ನಡುವೆ ಪಂಕಜಾಳ ದನಿ:

"ನಗ್ಬೇಕು ಅಂತಿದ್ರೆ ನಗಿ ಲಿಂಗಮ್ಮನೋರೆ, ಆದ್ರೆ ಅಲ್ಲಾಡ್ಬೇಡಿ!"