ಮಡಿಲಕ್ಕಿಗೆ ಪುರುಸೊತ್ತಾಗದ ಮಧ್ಯಾಹ್ನ

ಚಿಕ್ಕಮ್ಮ ಮುಂಬಯಿಯಿಂದ ಕೊಚ್ಚಿಗೆ ಹೊರಟ ಪ್ರವಾಸಿ ಹಡಗಿನಲ್ಲಿದ್ದರು. ಮಂಗಳೂರಿನಲ್ಲಿ ಅದು ಸಂಜೆಯವರೆಗೆ ನಿಲ್ಲುತ್ತದೆ, ಅಷ್ಟರಲ್ಲಿ ಟ್ಯಾಕ್ಸಿ ಮಾಡಿಕೊಂಡು ಮಡಿಕೇರಿ ನೋಡಿ ಹೋಗುತ್ತೇವೆ, ನೀವು ಅಲ್ಲಿಗೇ ಬನ್ನಿ ಎಂದು ಫೋನ್ ಮಾಡಿದರು. ಸೋಮವಾರಪೇಟೆಯ ನಮ್ಮ ಮನೆಯವರೆಗೆ ಬಂದರೆ ಹಡಗು ತಪ್ಪುತ್ತಿತ್ತು. ಅದು ನಿಜವೇ.

ಅಮ್ಮನಿಗೆ ಬೇಕಿದ್ದುದು ಒಂದೇ, ತಂಗಿಗೆ ಮಡಿಲು ತುಂಬುವುದು. ತವರಿಗೆ ಬಂದ ಮಗಳನ್ನು ಕೂರಿಸಿ, ಸೆರಗಿಗೆ ಅಕ್ಕಿ, ಬೆಲ್ಲ, ತೆಂಗಿನಕಾಯಿ, ರವಿಕೆ ಕಣ ಹಾಕಿ ಕಳಿಸುವುದು ನಮ್ಮಲ್ಲಿ ತಾಯಿಯ ಕೆಲಸ. ಅಜ್ಜಿಗೆ ಗಂಡುಮಕ್ಕಳಿಲ್ಲ, ಅಪ್ಪ ಮನೆಅಳಿಯ, ನಾವಿರುವುದು ಆ ತವರುಮನೆಯಲ್ಲೇ. ಹಾಗಾಗಿ ಅಜ್ಜಿ ತೀರಿಕೊಂಡ ಮೇಲೆ ಆ ಕೆಲಸ ಅಮ್ಮನದಾಯಿತು. ಚಿಕ್ಕಮ್ಮ ಮಾತ್ರ ಆಮೇಲೆ ಈ ಕಡೆ ಬಂದಿರಲಿಲ್ಲ. ತಾಯಿ ಹೋದಳೆಂದು ತಂಗಿಗೆ ತವರೂ ಹೋಗಬಾರದು ಎಂಬುದು ಅಮ್ಮನ ಹಟ.

ಮಡಿಕೇರಿಯ ಕೋಟೆ ಬಾಗಿಲಲ್ಲಿ ಅಮ್ಮನಿಗೂ ನನಗೂ ಚಿಕ್ಕಮ್ಮ ಸಿಕ್ಕರು. ಜೊತೆಗೆ ಚಿಕ್ಕಪ್ಪ, ಹಡಗಿನಲ್ಲಿ ಪರಿಚಯವಾದ ಒಬ್ಬ ಗಂಡಹೆಂಡತಿ.

"ಒಂದ್ ಕಡೆ ಕೂತ್ಕಳೇ. ಮಡ್ಲಕ್ಕಿ ತಂದೀನಿ," ಎಂದರು ಅಮ್ಮ.

"ಕೂರನ ಅಕ್ಕ. ಮೊದ್ಲು ಇವ್ರಿಗೆ ಎಲ್ಲ ತೋರಿಸ್ಬಿಡ್ತೀನಿ. ದೂರದಿಂದ ಬಂದೋರು."

"ನೀನೇನು ಹತ್ರದಿಂದ ಬಂದ್ಯಾ?"

ಚಿಕ್ಕಮ್ಮ ನಕ್ಕು, ಕೋಟೆಯೊಳಗಿನ ಗಾರೆ ಆನೆಗಳ ಮುಂದೆ ಫೋಟೊಗೆ ನಿಂತರು. ಅವರ ಕಾರಿನಲ್ಲಿ ನಮಗೆ ಜಾಗವಿರಲಿಲ್ಲ. ಆಟೊದಲ್ಲಿ ಹಿಂದೆ ಹೋದೆವು. "ಯಾವೂರಿಂದ ಟೂರಿಗೆ ಬಂದಿದ್ದೀರಿ?" ಎಂದು ಡ್ರೈವರ್ ಕೇಳಿದ. "ಸೋಮಾರಪೇಟೆ," ಎಂದರು ಅಮ್ಮ. ಇದೇ ಜಿಲ್ಲೆಯವರಾ ಎಂದು ಅವನು ಕನ್ನಡಿಯಲ್ಲಿ ನೋಡಿ ನಕ್ಕ.

ಮುಂದಿನದು ರಾಜರ ಗದ್ದುಗೆ. ಉಳಿದವರು ಗುಮ್ಮಟಗಳ ಸುತ್ತ ಹೋದಾಗ ಚಿಕ್ಕಮ್ಮ ಮೆಟ್ಟಿಲ ಮೇಲೆ ಕೂತು ದುಪಟ್ಟಾ ಹರಡಿದರು.

"ಬಾ ಅಕ್ಕ, ಈಗ ಪುರ್ಸೊತ್ತಿದೆ. ಹಾಕ್ಬಿಡು."

"ಸಮಾಧಿ ಮುಂದೆ ಮಡ್ಲು ತುಂಬ್ತಾರೇನೇ? ಬುದ್ಧಿ ಎಲ್ಲಿಟ್ಟಿದ್ದೀಯ?"

"ರಾಜ್ರದ್ದಲ್ವಾ, ನಡೀತದೆ."

"ರಾಜ್ರಾದ್ರೂ ಸತ್ತೋರು ಸತ್ತೋರೇ."

ನನಗೆ ಈ ಶಾಸ್ತ್ರಗಳಲ್ಲಿ ನಂಬಿಕೆಯಿಲ್ಲ. ಆದರೆ ಚಿಕ್ಕಮ್ಮ ಆ ದುಪಟ್ಟಾವನ್ನು ಎಷ್ಟು ಬೇಗ ಮಡಚಿ ಹೆಗಲಿಗೆ ಹಾಕಿಕೊಂಡರೆಂಬುದನ್ನು ನೋಡಿದೆ. ತನ್ನ ಪಾಲಿನ ಕೆಲಸ ಮುಗಿಯಿತು ಎಂಬಂತಿತ್ತು ಮುಖ.

ದೇವಸ್ಥಾನಕ್ಕೆ ಹೋಗೋಣವೆಂದರೆ ಮಧ್ಯಾಹ್ನ ಬಾಗಿಲು ಹಾಕಿತ್ತು. ರಾಜಾಸೀಟಿನಲ್ಲಿ ಅಮ್ಮ ಒಂದು ಕಲ್ಲುಬೆಂಚು ಹಿಡಿದು, ಪೂರ್ವ ಯಾವ ಕಡೆ ಎಂದು ನನ್ನನ್ನು ಕೇಳಿ, ಪಕ್ಕದಲ್ಲಿ ಚೀಲ ಇಟ್ಟುಕೊಂಡು ಕಾದರು. ಆ ದಂಪತಿಗೆ ಜೇನುತುಪ್ಪ ಕೊಳ್ಳಬೇಕಿತ್ತು. ಚಿಕ್ಕಮ್ಮ ಅಂಗಡಿಯಿಂದ ಅಂಗಡಿಗೆ ಅವರ ಜೊತೆ ನಡೆದರು. ಆಮೇಲೆ ಚಿಕ್ಕಪ್ಪ ಬಂದು, "ಘಾಟಿಲಿ ಜಾಮ್ ಆದ್ರೆ ಮುಗೀತು. ಹಡಗು ಯಾರಿಗೂ ಕಾಯಲ್ಲ," ಎಂದರು. ಎಲ್ಲರೂ ಕಾರು ಹತ್ತಿದರು.

ಅಮ್ಮ ಕಿಟಕಿಯಲ್ಲಿ ಚೀಲ ಒಡ್ಡಿದರು. "ಹಂಗೇ ತಗೊಂಡ್ಹೋಗು."

"ಅಕ್ಕಿಗಿಕ್ಕಿ ಹಡಗಲ್ಲಿ ಬಿಡಲ್ಲ ಅಕ್ಕ. ಕುಂಕುಮ ಇಡು, ಸಾಕು. ಮುಂದಿನ್ಸಲ ನಿಮ್ಮನೆಗೇ ಬರ್ತೀನಿ."

ಅಮ್ಮ ಕುಂಕುಮ ಇಟ್ಟರು. ಕಾರು ಹೋಯಿತು.

ಊರಿಗೆ ಮರಳುವ ಬಸ್ಸು ಮಾದಾಪುರ ದಾಟುವಾಗಲೂ ಚೀಲ ಅಮ್ಮನ ತೊಡೆಯ ಮೇಲೇ ಇತ್ತು. ನನ್ನ ಫೋನಿಗೆ ಚಿಕ್ಕಮ್ಮನ ಫೋಟೊಗಳು ಬರುತ್ತಿದ್ದವು. ತೋರಿಸಿದೆ, ಅಮ್ಮ ನೋಡಲಿಲ್ಲ.

"ನಿಮ್ಮನೆ ಅಂದ್ಲು. ಕೇಳಿಸ್ಕೊಂಡ್ಯಾ?"

"ಹೂಂ."

"ಬರ್ಲಿ ಬಿಡು," ಎಂದರು ಅಮ್ಮ, ಕಿಟಕಿ ಕಡೆ ತಿರುಗಿ. "ನೆಂಟ್ರಿಗೆ ಕೊಟ್ಟಂಗೆ ಕಾಫಿ ಕೊಡನ."