ಎರಡು ಹದಿನೇಳು

ಎಪ್ಪತ್ತರ ದಶಕದಲ್ಲಿ ನಾನು ಚಿಂಚೋಳಿಯಲ್ಲಿ ಗಣಿತದ ಮಾಸ್ತರನಾಗಿದ್ದೆ. ಒಂದು ರವಿವಾರ ನಮ್ಮ ಶಾಲೆಯಲ್ಲಿ ಕಣ್ಣಿನ ಶಿಬಿರ ನಡೆಯಿತು. ಬಂದವರ ಹೆಸರು ಬರೆದುಕೊಳ್ಳುವ ಕೆಲಸ ನನಗೂ ಉರ್ದು ಮಾಸ್ತರರಿಗೂ ಬಿತ್ತು.

ಮೊದಲ ಹತ್ತು ಹೆಂಗಸರಲ್ಲಿ ನಾಲ್ವರದು ಒಂದೇ ದೇವಿಯ ಹೆಸರು. "ಹೆಸರೇ ಬ್ಯಾಡ್ರಿ, ನಂಬರ್ ಸಾಕು" ಎಂದೆ, ಗಣಿತದವನ ಗತ್ತಿನಲ್ಲಿ. ನಂಬರಿನ ಚೀಟಿಯನ್ನು ಮುಂಗೈಗೆ ಕಟ್ಟುವುದು, ಅದೇ ನಂಬರನ್ನು ಡಾಕ್ಟರರ ಕಾಗದದ ಮೇಲೆ ಬರೆಯುವುದು. ಸಾಲು ಗೇಟು ದಾಟಿದಾಗ ಉರ್ದು ಮಾಸ್ತರರು ಇನ್ನೊಂದು ಮೇಜು ಹಾಕಿಕೊಂಡು, ಹೊಸ ವಹಿ ತೆರೆದು ಒಂದರಿಂದ ಶುರು ಮಾಡಿದರು. ಅದರಲ್ಲಿ ನನಗೇನೂ ತಪ್ಪು ಕಾಣಲಿಲ್ಲ. ಎಣಿಕೆ ಒಂದರಿಂದಲ್ಲದೆ ಇನ್ನೆಲ್ಲಿಂದ ಶುರುವಾಗಬೇಕು?

ಮಧ್ಯಾಹ್ನ ಆಪರೇಶನ್ ಕೋಣೆಯೊಳಗಿಂದ ಚೀರಾಟ ಕೇಳಿಸಿತು. "ರೆಪ್ಪಿಗೆ ಕುರು ಆಗ್ಯದ್ರೀ! ಕಣ್ಣ್ಯಾಕ ಕೊಯ್ಯಾಕತ್ತೀರಿ?" ರಾವೂರಿನ ಕಲ್ಲು ಒಡೆಯುವ ಗಟ್ಟಿಯಾಳು ಮೇಜಿನಿಂದ ಜಿಗಿದಿದ್ದ. ಡಾಕ್ಟರರು ಹೊರಗೆ ಬಂದರು. "ಇವನ ಕಣ್ಣು ನನ್ನ ಕಣ್ಣಿಗಿಂತ ಚಲೋ ಅದಾವ. ನಂಬರ್ ಬರದವ್ರು ಯಾರು?"

ನಾನೊಂದು ಮೇಜಿನಲ್ಲಿ, ಅವರೊಂದು ಮೇಜಿನಲ್ಲಿ, ಅವನಿಗೂ ಒಬ್ಬ ಮುದುಕಿಗೂ ಹದಿನೇಳನ್ನೇ ಕಟ್ಟಿದ್ದೆವು. ಕಣ್ಣಿಗೆ ಪೊರೆ ಬಂದಿದ್ದ ಆ ಚಿಮ್ಮನಚೋಡದ ಮುದುಕಿ ಅಷ್ಟರಲ್ಲಿ ಅವನ ಮುಲಾಮು ಇಸಿದುಕೊಂಡು ಹೊರಟುಹೋಗಿದ್ದಳು.

ಬಸ್‌ಸ್ಟ್ಯಾಂಡಿಗೆ ಓಡಿದೆ. ಹೊರಡಲಿದ್ದ ಬಸ್ ಹತ್ತಿ, "ಹದಿನೇಳು ಯಾರ್ರಿ?" ಎಂದು ಕೂಗಿದೆ.

"ಹದಿನೇಳಲ್ಲ, ಎಪ್ಪತ್ತು ಮಂದಿ ಅದಾರ. ಇಳೀರಿ" ಎಂದ ಕಂಡಕ್ಟರ್.

ಹಿಂದಿನ ಸೀಟಿನಿಂದ ಚೀಟಿ ಕಟ್ಟಿದ ಕೈಯೊಂದು ಮೇಲೆದ್ದಿತು. "ಮುಲಾಮು ಕೊಟ್ಟಾರಲ್ಲಪ್ಪಾ, ಮತ್ತ್ಯಾಕ ಕರೀತಿ?"

"ಅದು ಬ್ಯಾರೆಯವರದು ಆಯಿ. ನಿಮಗ ಆಪರೇಶನ್ ಅದ, ಬರ್ರಿ."

ಅವಳ ಕೈ ಹಿಡಿದುಕೊಂಡು ಶಾಲೆಗೆ ಬಂದಾಗ ಉರ್ದು ಮಾಸ್ತರರು ಇದ್ದಬದ್ದ ಚೀಟಿಗಳನ್ನೆಲ್ಲ ಬಿಚ್ಚಿಸುತ್ತಿದ್ದರು. "ಸರ್, ನೀವು ಒಂದು, ಮೂರು, ಐದು ಬರೀರಿ. ನಾ ಎರಡು, ನಾಕು, ಆರು ಬರೀತೀನಿ. ಎಷ್ಟು ಮಂದಿ ಬಂದ್ರೂ ನಿಮ್ದು ನಮ್ದು ಕೂಡೂದಿಲ್ಲ. ಝಗಡಾ ಖತಂ!"

ಬೆಸ ಸಂಖ್ಯೆ, ಸಮ ಸಂಖ್ಯೆ. ನಾನು ಐದನೇ ಇಯತ್ತೆಗೆ ಕಲಿಸುತ್ತಿದ್ದ ಪಾಠ. ಭಾಷೆ ಕಲಿಸುವವರ ಬಾಯಿಂದ ಅದನ್ನು ಹೇಳಿಸಿಕೊಂಡು, ತಲೆ ತಗ್ಗಿಸಿ ಕತ್ತರಿ ಹಿಡಿದು ಹೊಸ ಚೀಟಿ ಕತ್ತರಿಸಲು ಕೂತೆ. ರಾವೂರಿನವನು ಮಾತ್ರ ಚೀಟಿ ಕಟ್ಟಿಸಿಕೊಳ್ಳಲು ಒಪ್ಪಲೇ ಇಲ್ಲ. ಮುದುಕಿಯ ಕೈಯಿಂದ ತನ್ನ ಮುಲಾಮನ್ನು ಕಸಿದುಕೊಂಡೇ ಹೋದ.

ಆಪರೇಶನ್ ಚಲೋ ಆಯಿತು. ಪಟ್ಟಿ ಬಿಚ್ಚಿದ ದಿನ ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಒದರೋದು ಕೇಳಿ ದೊಡ್ಡ ಮಾಸ್ತರ ಅಂದ್ಕೊಂಡಿದ್ದೆ. ಇನ್ನಾ ಮೀಸಿನೂ ಬಂದಿಲ್ಲಲ್ಲೋ!"

ನನಗಾಗ ಮೂರು ವರ್ಷದ ಸರ್ವೀಸಾಗಿತ್ತು.